ಶುಶ್ರೂಷೆಯ ಹೇತು ಮತ್ತು ಲೋಕದ ತೀರ್ಪು

ಮನುಷ್ಯನು ಹಿಡಿಯುವ ವೃತ್ತಿಗಳಲ್ಲಿ ಬಹುಪಾಲಿಗೆ ಲೋಕವು ಕಾರಣ ಕೇಳುವುದಿಲ್ಲ. ಎಂಜಿನಿಯರನು ಸೇತುವೆಯ ಮೇಲಿನ ಪ್ರೀತಿಯಿಂದ ಅದನ್ನು ಕಟ್ಟಿದನೋ ಸಂಬಳಕ್ಕಾಗಿ ಕಟ್ಟಿದನೋ ಎಂದು ಯಾರೂ ವಿಚಾರಿಸರು. ಸೇತುವೆ ನಿಂತರೆ ಸಾಕು. ವಕೀಲನ ಅಂತರಂಗವನ್ನು ಕಕ್ಷಿಗಾರನು ಶೋಧಿಸಲು ಹೋಗುವುದಿಲ್ಲ. ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ನರ್ಸಿನ ವಿಷಯದಲ್ಲಿ ಮಾತ್ರ ಲೋಕಕ್ಕೆ ಕೆಲಸಕ್ಕಿಂತ ಹೇತುವೇ ದೊಡ್ಡದಾಗಿ ಕಾಣುತ್ತದೆ. ಈಕೆ ಏಕೆ ಈ ಕೆಲಸಕ್ಕೆ ಬಂದಳು ಎಂಬ ಪ್ರಶ್ನೆಗೆ ಉತ್ತರಗಳೂ ಸಿದ್ಧವಾಗಿಯೇ ಇವೆ. ಹುಟ್ಟಿನಿಂದಲೇ ತ್ಯಾಗಮಯಿ ಎನ್ನುವುದು ಒಂದು. ಮನೆಯ ಬಡತನ ತಳ್ಳಿತು ಎನ್ನುವುದು ಎರಡು. ಪರದೇಶದ ಹಣಕ್ಕೆ ಆಸೆಪಟ್ಟಳು ಎನ್ನುವುದು ಮೂರು. ಡಾಕ್ಟರಾಗಲು ಅಂಕ ಸಾಲದೆ ಇಲ್ಲಿಗೆ ಇಳಿದಳು ಎನ್ನುವುದು ನಾಲ್ಕು. ಗಂಡಸು ಈ ವೃತ್ತಿಗೆ ಬಂದನೆಂದರೆ ಐದನೆಯದೊಂದು ಶಂಕೆ ಹುಟ್ಟಿಕೊಳ್ಳುತ್ತದೆ. ಇವುಗಳಲ್ಲಿ ಸ್ತುತಿಯೂ ಇದೆ, ನಿಂದೆಯೂ ಇದೆ. ಆದರೆ ಆ ವ್ಯಕ್ತಿಗೆ ಏನು ತಿಳಿದಿದೆ ಎಂಬ ವಿಚಾರ ಮಾತ್ರ ಇವುಗಳಲ್ಲಿ ಯಾವುದರಲ್ಲಿಯೂ ಬಾರದು.

ಈ ತೀರ್ಪುಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಶಬ್ದಗಳಲ್ಲಿ, ಕಾದಂಬರಿಗಳಲ್ಲಿ, ಜೀವನಚರಿತ್ರೆಗಳಲ್ಲಿ, ಚಲಚ್ಚಿತ್ರಗಳಲ್ಲಿ ಅವು ಬೆಳೆದುಬಂದಿವೆ. ಆ ಬೆಳವಣಿಗೆಯನ್ನು ಕೆಲವು ಪ್ರಸಿದ್ಧ ನಿದರ್ಶನಗಳ ಮೂಲಕ ಪರಿಶೀಲಿಸುವುದು, ಲೋಕವು ಎಡವಿದ್ದು ಎಲ್ಲಿ ಎಂಬುದನ್ನು ಗುರುತಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಶಬ್ದವನ್ನೇ ನೋಡಬಹುದು. ಕನ್ನಡದ ಗ್ರಾಂಥಿಕ ಪ್ರಯೋಗದಲ್ಲಿ ನಿಂತಿರುವ ‘ಶುಶ್ರೂಷೆ’ ಎಂಬ ಪದವು ಸಂಸ್ಕೃತದ ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಬಂದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳುವ ಇಚ್ಛೆಯು ಕ್ರಮೇಣ ವಿಧೇಯತೆಯಾಯಿತು, ವಿಧೇಯತೆಯು ಸೇವೆಯಾಯಿತು. ಧರ್ಮಶಾಸ್ತ್ರಗಳಲ್ಲಿ ಶಿಷ್ಯನು ಗುರುವಿಗೆ, ಪತ್ನಿಯು ಪತಿಗೆ, ಶೂದ್ರನು ಮೇಲಿನ ಮೂರು ವರ್ಣಗಳಿಗೆ ಮಾಡತಕ್ಕದ್ದೆಂದು ವಿಧಿಸಿದ ಕರ್ತವ್ಯಕ್ಕೂ ಇದೇ ಹೆಸರು. ವಿಧಿಸಲ್ಪಟ್ಟ ಸೇವೆಯಲ್ಲಿ ಮಾಡುವವರ ಆಯ್ಕೆಗೆ ಎಡೆಯಿಲ್ಲ. ಆಯ್ಕೆಯಿಲ್ಲದ ಕಡೆ ಹೇತುವಿಗೂ ಎಡೆಯಿಲ್ಲ.

ಬಳಕೆಯ ಇನ್ನೊಂದು ಪದ ‘ದಾದಿ’. ಹಾಲೂಡಿಸಿ ಮಕ್ಕಳನ್ನು ಸಾಕಿದವಳು, ಅರಮನೆಯ ಕಥೆಗಳಲ್ಲಿ ದೊರೆಮಕ್ಕಳನ್ನು ಎತ್ತಿ ಆಡಿಸಿದವಳು ಈಕೆ. ಆಸ್ಪತ್ರೆಯ ಅಂಗಳದಲ್ಲಿ ಕೇಳಿಬರುವ ‘ಸಿಸ್ಟರ್’ ಎಂಬ ಕರೆಯು ಕ್ರೈಸ್ತ ಸನ್ಯಾಸಿನಿಯರ ಮಠಗಳಿಂದ ಬಂದುದು. ಒಂದು ಪದವು ವಿಧೇಯತೆಯನ್ನೂ ಇನ್ನೊಂದು ತಾಯ್ತನವನ್ನೂ ಮತ್ತೊಂದು ಸೋದರಿಕೆಯನ್ನೂ ಹೇಳುತ್ತದೆ. ಪಕ್ಕದಲ್ಲಿಯೇ ನಿಂತಿರುವ ‘ವೈದ್ಯ’ ಎಂಬ ಪದವನ್ನು ನೋಡಿದರೆ ಅದು ವಿದ್ಯೆಗೆ ಸಂಬಂಧಿಸಿದ್ದು. ಒಂದೇ ಹಾಸಿಗೆಯ ಎರಡು ಮಗ್ಗುಲಲ್ಲಿ ನಿಂತವರಲ್ಲಿ ಒಬ್ಬರ ಹೆಸರು ಅರಿವಿನಿಂದ ಬಂತು, ಇನ್ನೊಬ್ಬರದು ನಂಟಿನಿಂದ ಬಂತು. ಈಚಿನ ವರ್ಷಗಳಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿರುವ ‘ಶುಶ್ರೂಷಾಧಿಕಾರಿ’ ಎಂಬ ಹೆಸರು ಈ ಕೊರತೆಯನ್ನು ತುಂಬಲು ಮಾಡಿದ ಪ್ರಯತ್ನವೆಂದು ತೋರುತ್ತದೆ. ವಿಧೇಯತೆ ಮತ್ತು ಅಧಿಕಾರ ಎರಡೂ ಒಂದೇ ಸಮಾಸದಲ್ಲಿ ಕುಳಿತಿರುವುದು ಅರ್ಥಪೂರ್ಣವಾಗಿದೆ.

ಹಾಗೆಂದು ಪ್ರಾಚೀನ ಭಾರತವು ಈ ಕೆಲಸದ ವಿದ್ಯೆಯನ್ನು ಕಾಣದೆಹೋಯಿತೆಂದು ಹೇಳಲಾಗದು. ಚರಕಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನ ಗುಣಗಳಲ್ಲಿ ಮೊದಲನೆಯದು ಉಪಚಾರದ ಜ್ಞಾನ, ಎರಡನೆಯದು ದಕ್ಷತೆ, ಮೂರನೆಯದು ಅನುರಾಗ, ನಾಲ್ಕನೆಯದು ಶುಚಿತ್ವ. ಇವುಗಳಲ್ಲಿ ದಕ್ಷತೆ, ಶುಚಿತ್ವ ಎಂಬ ಎರಡನ್ನು ಅದೇ ಅಧ್ಯಾಯವು ವೈದ್ಯನಿಗೂ ಹೇಳಿದೆ. ೧೫ನೆಯ ಅಧ್ಯಾಯದಲ್ಲಿ ಆತುರಾಲಯದ ಸಿದ್ಧತೆಯನ್ನು ವಿವರಿಸುವಾಗ ಅನ್ನ ಬೇಯಿಸಬಲ್ಲ, ಸ್ನಾನ ಮಾಡಿಸಬಲ್ಲ, ಮೈಯೊತ್ತಬಲ್ಲ, ರೋಗಿಯನ್ನು ಎತ್ತಿ ಕೂರಿಸಬಲ್ಲ, ಮಲಗಿಸಬಲ್ಲ, ಔಷಧ ಅರೆಯಬಲ್ಲ ಪರಿಚಾರಕರನ್ನು ಬೇರೆಬೇರೆಯಾಗಿ ಎಣಿಸಿದೆ. ವೈದ್ಯನೇ ಪ್ರಧಾನನೆಂಬುದನ್ನು ಆ ಗ್ರಂಥವು ಬಿಟ್ಟುಕೊಟ್ಟಿಲ್ಲ, ದಿಟ. ಆದರೆ ಪರಿಚಾರಕನಲ್ಲಿ ಅದು ಮೊದಲು ಹುಡುಕಿದ್ದು ತಿಳಿವಳಿಕೆಯನ್ನು. ಅನುರಾಗಕ್ಕೆ ಮೂರನೆಯ ಸ್ಥಾನ. ತರುವಾಯದ ಲೋಕಾಭಿಪ್ರಾಯವು ಈ ನಾಲ್ಕರಲ್ಲಿ ಮೂರನ್ನು ಮರೆತು ಅನುರಾಗವೊಂದನ್ನೇ ಉಳಿಸಿಕೊಂಡಿತು. ಅದು ಕಾಣದಿದ್ದರೆ ಹಣದಾಸೆಯೆಂದು ಬರೆದುಕೊಂಡಿತು.

೨

ಆಧುನಿಕ ನರ್ಸಿನ ಚಿತ್ರವು ರೂಪುಗೊಂಡದ್ದು ೧೯ನೆಯ ಶತಮಾನದ ಇಂಗ್ಲೆಂಡಿನಲ್ಲಿ. ೧೮೪೩-೪೪ರಲ್ಲಿ ಬಿಡಿಬಿಡಿಯಾಗಿ ಹೊರಬಂದ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಚಾರ್ಲ್ಸ್ ಡಿಕನ್ಸನು ಸೈರಿ ಗ್ಯಾಂಪ್ ಎಂಬ ಪಾತ್ರವನ್ನು ಸೃಷ್ಟಿಸಿದನು. ಬಾಣಂತಿಯ ಕೋಣೆಗೂ ಹೆಣದ ಕೋಣೆಗೂ ಒಂದೇ ಉತ್ಸಾಹದಿಂದ ಹೋಗುವವಳು, ಮದ್ಯದ ವಾಸನೆ ಬೀರುವವಳು, ರೋಗಿಯ ದಿಂಬಿನ ಮೇಲೆ ಕಣ್ಣಿಟ್ಟವಳು ಆಕೆ. ಹಾಸ್ಯಪಾತ್ರವಾಗಿ ಆಕೆ ಅಮರಳು. ಆದರೆ ಓದುಗರು ಆಕೆಯನ್ನು ಒಬ್ಬ ಹೆಂಗಸೆಂದು ಕಾಣದೆ ಒಂದು ವೃತ್ತಿಯ ಮುಖವೆಂದು ಕಂಡರು. ತರಬೇತಿಯಿಲ್ಲದ, ಕೂಲಿ ಕಡಿಮೆಯಾದ, ಬಡ ವಿಧವೆಯರ ಪಾಲಿಗೆ ಬಿಟ್ಟ ಕೆಲಸವು ಹೇಗಿರಬಹುದೋ ಹಾಗಿತ್ತು ಎಂಬ ಸಾಮಾಜಿಕ ಸತ್ಯವು ನಗೆಯಲ್ಲಿ ಮುಳುಗಿಹೋಯಿತು.

ಸುಮಾರು ಹತ್ತು ವರ್ಷಗಳಲ್ಲಿ ಎದುರು ಧ್ರುವದ ಚಿತ್ರ ಬಂತು. ಸಿರಿವಂತ ಮನೆತನದ ಫ್ಲಾರೆನ್ಸ್ ನೈಟಿಂಗೇಲಳು ತಾಯಿ ಮತ್ತು ಅಕ್ಕನ ತೀವ್ರ ವಿರೋಧವನ್ನು ದಾಟಿ, ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದು, ೧೮೫೪ರ ನವೆಂಬರಿನಲ್ಲಿ ೩೮ ಮಂದಿ ಸ್ತ್ರೀಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ತಲುಪಿದಳು. ಮೂರೇ ವರ್ಷಗಳಲ್ಲಿ, ೧೮೫೭ರಲ್ಲಿ, ಅಮೆರಿಕದ ಕವಿ ಲಾಂಗ್‌ಫೆಲೊ ಆಕೆಯನ್ನು ದೀಪ ಹಿಡಿದ ದೇವಿಯಾಗಿ ಹಾಡಿದನು. ದೀಪವು ಉಳಿಯಿತು, ಆಕೆಯ ಕೈಯಲ್ಲಿದ್ದ ಲೆಕ್ಕದ ಪುಸ್ತಕವು ಜನರ ನೆನಪಿನಿಂದ ಜಾರಿತು. ಗಾಯಕ್ಕಿಂತ ಹೆಚ್ಚು ಸೈನಿಕರನ್ನು ಕೊಂದದ್ದು ತಡೆಯಬಹುದಾದ ರೋಗಗಳೆಂದು ೧೮೫೮ರಲ್ಲಿ ಬಣ್ಣದ ರೇಖಾಚಿತ್ರಗಳ ಮೂಲಕ ತೋರಿಸಿಕೊಟ್ಟವಳು, ಲಂಡನ್ನಿನ ಅಂಕಿಅಂಶಶಾಸ್ತ್ರ ಸಂಘಕ್ಕೆ ಸದಸ್ಯಳಾಗಿ ಆಯ್ಕೆಯಾದ ಮೊದಲ ಮಹಿಳೆ, ಭಾರತಕ್ಕೆ ಒಮ್ಮೆಯೂ ಬಾರದೆ ಭಾರತದ ಸೈನ್ಯದ ನೈರ್ಮಲ್ಯದ ವಿಚಾರವಾಗಿ ವರ್ಷಗಟ್ಟಲೆ ವರದಿಗಳನ್ನು ಅರೆದು ಕುಡಿದವಳು ಆಕೆ. ಈ ಬುದ್ಧಿಶಕ್ತಿಯೇ ಆಕೆಯ ಶುಶ್ರೂಷೆಯ ತಿರುಳಾಗಿತ್ತು. ಸ್ತುತಿಕಾರರು ಅದನ್ನು ಕರುಣೆಯ ಹೆಸರಿನಲ್ಲಿ ಮುಚ್ಚಿದರು.

ಲಿಟನ್ ಸ್ಟ್ರೇಚಿಯು ೧೯೧೮ರಲ್ಲಿ ಪ್ರಕಟಿಸಿದ ‘ಎಮಿನೆಂಟ್ ವಿಕ್ಟೋರಿಯನ್ಸ್’ ಈ ದೇವಿಯ ಮೂರ್ತಿಯನ್ನು ಒಡೆಯಿತು. ಸೌಮ್ಯವಾದ ದೇವತೆಯ ಬದಲಿಗೆ ಭೂತ ಹಿಡಿದವಳಂತೆ ತನ್ನನ್ನೂ ಇತರರನ್ನೂ ದಣಿಸಿದ ಹಟಮಾರಿ ಹೆಂಗಸನ್ನು ಅವನು ಚಿತ್ರಿಸಿದನು. ಅವನ ಗದ್ಯದ ಹರಿತ ಅಲ್ಲಗಳೆಯಲಾಗದ್ದು; ಅತಿಭಕ್ತಿಗೆ ಆ ಚಿಕಿತ್ಸೆ ಬೇಕೇ ಇತ್ತು. ಆದರೂ ವಿಮರ್ಶಕನು ಗಮನಿಸಬೇಕಾದ ಸಂಗತಿಯೊಂದಿದೆ. ಭಕ್ತರು ಆಕೆಯ ಹೇತು ಕರುಣೆಯೆಂದರು, ಸ್ಟ್ರೇಚಿ ಆವೇಶವೆಂದನು. ಉತ್ತರ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಮನೆಯ ಹಜಾರದಲ್ಲಿ ಅತಿಥಿಗಳನ್ನು ಉಪಚರಿಸುತ್ತ ಜೀವ ಸವೆಸಬೇಕಾಗಿದ್ದ ಬುದ್ಧಿವಂತ ಹೆಣ್ಣಿಗೆ ಕೆಲಸವೇ ಬೇಕಾಗಿತ್ತು ಎಂಬ ಸರಳ ಹೇತುವನ್ನು ಆಕೆಯೇ ‘ಕಸಾಂಡ್ರಾ’ ಎಂಬ ಪ್ರಬಂಧದಲ್ಲಿ ಬರೆದಿಟ್ಟಿದ್ದಳು. ಆ ಪ್ರಬಂಧವು ಸಾರ್ವಜನಿಕವಾಗಿ ಅಚ್ಚಾದದ್ದು ೧೯೨೮ರಲ್ಲಿ, ಆಕೆ ತೀರಿಕೊಂಡು ೧೮ ವರ್ಷಗಳಾದ ಮೇಲೆ.

ಇದೇ ಯುದ್ಧಭೂಮಿಯಲ್ಲಿದ್ದ ಇನ್ನೊಬ್ಬಾಕೆಯ ಕಥೆ ಇನ್ನೂ ಬೋಧಪ್ರದವಾದುದು. ಜಮೈಕಾದ ಮೇರಿ ಸೀಕೋಲಳು ತಾಯಿಯಿಂದ ನಾಟಿವೈದ್ಯವನ್ನು ಕಲಿತವಳು. ಕಾಲರಾ, ಹಳದಿ ಜ್ವರಗಳ ರೋಗಿಗಳನ್ನು ನೋಡಿಕೊಂಡು ಪಳಗಿದವಳು. ೧೮೫೪ರಲ್ಲಿ ಲಂಡನ್ನಿಗೆ ಬಂದು ಕ್ರಿಮಿಯಾದ ಶುಶ್ರೂಷೆಗೆ ತನ್ನನ್ನು ತೆಗೆದುಕೊಳ್ಳಬೇಕೆಂದು ಕೇಳಿದಳು. ಎಲ್ಲ ಬಾಗಿಲುಗಳೂ ಮುಚ್ಚಿದವು. ತನ್ನ ಮೈಬಣ್ಣವೇ ಕಾರಣವಿರಬಹುದೇ ಎಂದು ೧೮೫೭ರ ಆತ್ಮಕಥೆಯಲ್ಲಿ ಆಕೆ ಶಂಕಿಸಿದ್ದಾಳೆ. ಸ್ವಂತ ಖರ್ಚಿನಲ್ಲಿ ಹೊರಟು ಬಾಲಕ್ಲಾವಾದ ಬಳಿ ‘ಬ್ರಿಟಿಷ್ ಹೋಟೆಲ್’ ಎಂಬ ಅಂಗಡಿಯನ್ನಿಟ್ಟು, ಅಧಿಕಾರಿಗಳಿಗೆ ಊಟ ಮಾರಿ, ಸೈನಿಕರಿಗೆ ಮದ್ದು ಕೊಟ್ಟಳು. ಯುದ್ಧ ಮುಗಿದಾಗ ದಿವಾಳಿಯಾದಳು. ೧೮೭೦ರ ಒಂದು ಖಾಸಗಿ ಪತ್ರದಲ್ಲಿ ಆ ಹೋಟೆಲಿನ ನಡತೆಯನ್ನು ಕುರಿತು ಕಟುವಾಗಿ ಶಂಕಿಸಿದವಳು ಬೇರೆ ಯಾರೂ ಅಲ್ಲ, ನೈಟಿಂಗೇಲಳೇ. ತನ್ನ ಮನೆಯವರಿಂದ ತಪ್ಪಾಗಿ ಅಳೆಯಲ್ಪಟ್ಟವಳು ಇನ್ನೊಬ್ಬಳನ್ನು ಅದೇ ಮಾನದಂಡದಿಂದ ಅಳೆದಳು. ೨೦೧೬ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿ ಸೀಕೋಲಳ ಪ್ರತಿಮೆಯನ್ನು ನಿಲ್ಲಿಸಿದಾಗ, ಆಕೆ ವ್ಯಾಪಾರಿಯೇ ಹೊರತು ನರ್ಸಲ್ಲ ಎಂಬ ವಾದ ಮತ್ತೆ ಎದ್ದಿತು. ಅನ್ನ ಮಾರಿದ ಕೈ ಗಾಯ ಕಟ್ಟಲಾರದು ಎಂಬ ನಂಬಿಕೆಗೆ ಆಯುಸ್ಸು ದೀರ್ಘವಾದುದು.

೩

ಭಾರತದಲ್ಲಿ ಈ ತೀರ್ಪಿಗೆ ಮಡಿಮೈಲಿಗೆಯ ವಿಚಾರವೂ ಸೇರಿತು. ಅನ್ಯರ ಮಲಮೂತ್ರ, ರಕ್ತ, ಕೀವುಗಳನ್ನು ಮುಟ್ಟುವುದು, ಪರಪುರುಷನ ಮೈ ತೊಳೆಯುವುದು, ರಾತ್ರಿ ಮನೆಯ ಹೊರಗಿರುವುದು ಈ ಮೂರೂ ಕುಲಸ್ತ್ರೀಗೆ ಸಲ್ಲದ ಕೆಲಸಗಳೆಂದು ಎಣಿಸಿದ ಸಮಾಜದಲ್ಲಿ ಮೊದಲ ತಲೆಮಾರಿನ ನರ್ಸುಗಳು ಬಹುಮಟ್ಟಿಗೆ ಮಿಷನ್ ಆಸ್ಪತ್ರೆಗಳ ಮೂಲಕ ಬಂದ ಕ್ರೈಸ್ತ ಹಾಗೂ ಆಂಗ್ಲೋ-ಇಂಡಿಯನ್ ಮಹಿಳೆಯರು. ೧೯೪೬ರ ಭೋರ್ ಸಮಿತಿಯ ವರದಿಯ ಪ್ರಕಾರ ಇಡೀ ದೇಶದಲ್ಲಿ ಸುಮಾರು ೭,೦೦೦ ನರ್ಸುಗಳಿದ್ದರು. ೪೩,೦೦೦ ಜನರಿಗೆ ಒಬ್ಬರಂತೆ. ಕೊರತೆಗೆ ಕಾರಣ ಕರುಣೆಯ ಅಭಾವವಲ್ಲ. ಆ ಕೆಲಸಕ್ಕೆ ಹೋದವಳಿಗೆ ಕಾದಿದ್ದ ಅಪವಾದ ಮತ್ತು ಅಲ್ಪ ಸಂಬಳ.

೧೯೬೦ರ ದಶಕದಿಂದ ಜರ್ಮನಿಗೂ, ೧೯೬೫ರ ವಲಸೆ ಕಾಯಿದೆಯ ತರುವಾಯ ಅಮೆರಿಕಕ್ಕೂ, ಆಮೇಲೆ ಕೊಲ್ಲಿ ದೇಶಗಳಿಗೂ ಕೇರಳದ ನರ್ಸುಗಳು ದೊಡ್ಡ ಸಂಖ್ಯೆಯಲ್ಲಿ ಹೋದರು. ಆಗ ಹಳೆಯ ಅಪವಾದಕ್ಕೆ ಹೊಸದೊಂದು ಸೇರಿತು: ಹಣಕ್ಕಾಗಿ ಹೋದವರು. ಅಮೆರಿಕದಲ್ಲಿ ನೆಲಸಿದ ಈ ಕುಟುಂಬಗಳನ್ನು ಕುರಿತು ಶೀಬಾ ಜಾರ್ಜ್ ಅವರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಪರ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮೊದಲು ಹೊರಟವಳು ಹೆಂಡತಿ. ಗಂಡನನ್ನು ಕರೆಸಿಕೊಂಡವಳು ಆಕೆ. ಮನೆ ನಡೆಸಿದ ಸಂಬಳ ಆಕೆಯದು. ಆದರೂ ಸಮುದಾಯದ ಕಣ್ಣಿನಲ್ಲಿ ಆ ವೃತ್ತಿಯ ಕಳಂಕ ತೊಳೆದುಹೋಗಲಿಲ್ಲ. ಮದುವೆಯ ಮಾರುಕಟ್ಟೆಯಲ್ಲಿ ಆಕೆಯ ವೀಸಾಕ್ಕೆ ಬೆಲೆ ಬಂತು, ಆಕೆಯ ಸಮವಸ್ತ್ರಕ್ಕೆ ಬರಲಿಲ್ಲ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಸಾಲ ಮಾಡಿ ಓದುವ ಕೇರಳದ ವಿದ್ಯಾರ್ಥಿಗಳನ್ನು ಕಂಡ ಕನ್ನಡಿಗರಿಗೆ ಈ ಮಾತು ಹೊಸದಾಗಿರಲಾರದು.

ಚಲಚ್ಚಿತ್ರಗಳಲ್ಲಿ ಎರಡನ್ನು ಹೋಲಿಸಿ ನೋಡುವುದು ಉಪಯುಕ್ತ. ಆಶುತೋಷ್ ಮುಖೋಪಾಧ್ಯಾಯರ ‘ನರ್ಸ್ ಮಿತ್ರ’ ಎಂಬ ಬಂಗಾಲಿ ಕಥೆಯನ್ನು ಆಧರಿಸಿ ಅಸಿತ್ ಸೇನರು ೧೯೫೯ರಲ್ಲಿ ‘ದೀಪ್ ಜ್ವೇಲೇ ಜಾಯ್’ ಚಿತ್ರವನ್ನೂ, ಮುಂದೆ ಹಿಂದಿಯಲ್ಲಿ ‘ಖಾಮೋಶಿ’ಯನ್ನೂ ಮಾಡಿದರು. ಮನೋರೋಗಿಯನ್ನು ಗುಣಪಡಿಸಲು ಪ್ರೇಮವನ್ನು ಅಭಿನಯಿಸಬೇಕೆಂದು ವೈದ್ಯನು ನರ್ಸ್ ರಾಧೆಗೆ ವಿಧಿಸುತ್ತಾನೆ. ರೋಗಿಯು ಗುಣವಾಗಿ ಹೊರಟುಹೋಗುತ್ತಾನೆ. ರಾಧೆ ಅದೇ ಆಸ್ಪತ್ರೆಯ ರೋಗಿಯಾಗುತ್ತಾಳೆ, ತಾನು ಅಭಿನಯಿಸಿರಲಿಲ್ಲವೆಂದು ಒಪ್ಪಿಕೊಳ್ಳುತ್ತಾಳೆ. ಆಕೆಯ ಹೇತುವನ್ನು ವೈದ್ಯನು ತಪ್ಪು ತಿಳಿದನೆಂಬುದೇ ಕಥೆಯ ದುರಂತ. ಸುಚಿತ್ರಾ ಸೇನ್ ಮತ್ತು ವಹೀದಾ ರೆಹಮಾನರ ಅಭಿನಯದಲ್ಲಿ ಆ ದುರಂತವು ಎದೆ ತಟ್ಟುತ್ತದೆ. ಆದರೆ ಕಥೆಯೂ ಇನ್ನೊಂದು ತಪ್ಪನ್ನು ಮಾಡುತ್ತದೆ. ನರ್ಸಿನ ವಿದ್ಯೆಯೆಂದರೆ ಪ್ರೀತಿ, ಪ್ರೀತಿ ಖರ್ಚಾದರೆ ನರ್ಸು ಮುಗಿದಳು ಎಂಬುದನ್ನು ಅದು ಪ್ರಶ್ನಿಸದೆ ಒಪ್ಪಿಕೊಂಡಿದೆ. ಚರಕನ ನಾಲ್ಕು ಗುಣಗಳಲ್ಲಿ ಮೂರು ಇಲ್ಲಿ ತೆರೆಯ ಮೇಲೆ ಬರುವುದೇ ಇಲ್ಲ.

ಇದಕ್ಕೆ ಪ್ರತಿಯಾಗಿ ಮಹೇಶ್ ನಾರಾಯಣನ್ ಅವರ ಮಲಯಾಳ ಚಿತ್ರ ‘ಟೇಕ್ ಆಫ್’ (೨೦೧೭) ನಿಲ್ಲುತ್ತದೆ. ೨೦೧೪ರಲ್ಲಿ ಇರಾಕಿನ ಟಿಕ್ರಿತ್‌ನಲ್ಲಿ ಸಿಕ್ಕಿಬಿದ್ದು ಆ ವರ್ಷದ ಜುಲೈನಲ್ಲಿ ಕೊಚ್ಚಿಗೆ ಮರಳಿದ ೪೬ ನರ್ಸುಗಳ ಪ್ರಸಂಗವೇ ಅದರ ಆಧಾರ. ಅದರ ನಾಯಕಿ ಸಮೀರಾ ಯುದ್ಧದ ನೆಲಕ್ಕೆ ಹೋಗುವುದು ಸಾಲ ತೀರಿಸಲು. ಚಿತ್ರವು ಅದನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ಆಕೆಯನ್ನು ಕೀಳುಗಳೆಯುವುದೂ ಇಲ್ಲ. ಸಾಲವು ಆಕೆಯನ್ನು ವಿಮಾನದವರೆಗೆ ಕರೆದೊಯ್ದಿತು; ಆಸ್ಪತ್ರೆಯ ವಾರ್ಡಿನಲ್ಲಿ ನಡೆದದ್ದನ್ನು ಆಕೆಯ ಕೌಶಲ ಮತ್ತು ಧೈರ್ಯಗಳು ನಡೆಸಿದವು. ವೃತ್ತಿಗೆ ಬರುವ ಕಾರಣ ಬೇರೆ, ವೃತ್ತಿಯನ್ನು ನಡೆಸುವ ಬಲ ಬೇರೆ ಎಂಬ ಈ ವಿವೇಕವೇ ಆ ಚಿತ್ರದ ಗಟ್ಟಿತನ. ಲೋಕಾಭಿಪ್ರಾಯವು ಎಡವುವುದು ಈ ಎರಡನ್ನೂ ಒಂದೆಂದು ಎಣಿಸುವುದರಲ್ಲಿ.

೪

ಮುಂಬಯಿಯ ಕನ್ನಡಿಗರಿಗೆ ಈ ವಿಷಯವು ಬರಿಯ ಪುಸ್ತಕದ್ದಲ್ಲ. ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಹುಟ್ಟಿ ಈ ನಗರದ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗರು ೧೯೭೩ರ ನವೆಂಬರ್ ೨೭ರಂದು ಆಸ್ಪತ್ರೆಯಲ್ಲಿಯೇ ಕ್ರೂರ ಹಲ್ಲೆಗೆ ಈಡಾಗಿ, ಪ್ರಜ್ಞೆ ಮರಳದ ಸ್ಥಿತಿಯಲ್ಲಿ ೨೦೧೫ರ ಮೇ ೧೮ರವರೆಗೆ ಬದುಕಿದರು. ಆ ನಾಲ್ವತ್ತೊಂದೂವರೆ ವರ್ಷ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸುಗಳು. ೧೯೮೦ರ ದಶಕದಲ್ಲಿ ಹಾಸಿಗೆ ತೆರವು ಮಾಡಲು ಅವರನ್ನು ಬೇರೆಡೆಗೆ ಸಾಗಿಸುವ ಯತ್ನ ನಡೆದಾಗ ನರ್ಸುಗಳು ಪ್ರತಿಭಟಿಸಿ ತಡೆದರು. ಲೇಖಕಿ ಪಿಂಕಿ ವಿರಾನಿಯವರು ದಯಾಮರಣಕ್ಕಾಗಿ ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮಾರ್ಚ್ ೭ರಂದು ಕೊಟ್ಟ ತೀರ್ಪು ಭಾರತದ ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಆ ರೋಗಿಯ ಪರವಾಗಿ ಮಾತನಾಡಲು ಅರ್ಹರಾದ ನಿಜವಾದ ಆಪ್ತರು ಆಸ್ಪತ್ರೆಯ ಸಿಬ್ಬಂದಿಯವರೇ ಎಂದು ನ್ಯಾಯಾಲಯವು ನಿರ್ಣಯಿಸಿತು.

ದಯಾಮರಣದ ಧರ್ಮಾಧರ್ಮ ವಿಚಾರ ಪ್ರಕೃತ ವಿಷಯವಲ್ಲ. ಅರ್ಜಿದಾರರ ಕಳಕಳಿಯನ್ನೂ ಸಂದೇಹಿಸಬೇಕಾಗಿಲ್ಲ. ಆದರೆ ಆ ಚರ್ಚೆಯಲ್ಲಿ ನರ್ಸುಗಳ ಹೇತುವನ್ನು ಕುರಿತು ಬಂದ ಮಾತುಗಳು ಗಮನಾರ್ಹ. ಕೆಲವರು ಅವರನ್ನು ದೇವತೆಗಳೆಂದರು. ಕೆಲವರು ಭಾವಾವೇಶಕ್ಕೆ ಒಳಗಾಗಿ ನೋವನ್ನು ಲಂಬಿಸುತ್ತಿರುವವರೆಂದರು. ಅರುಣಾರನ್ನು ಎಂದೂ ಸ್ವಸ್ಥರಾಗಿ ಕಂಡರಿಯದ, ೧೯೭೩ರ ತರುವಾಯ ಹುಟ್ಟಿದ ಹುಡುಗಿಯರೂ ಪಾಳಿಯ ಪ್ರಕಾರ ಆ ಕೋಣೆಗೆ ಹೋಗಿ ಮೈ ತೊಳೆದರು, ಊಟ ಮಾಡಿಸಿದರು, ಮಗ್ಗುಲು ಬದಲಿಸಿದರು. ಹಾಸಿಗೆ ಹಿಡಿದವರಿಗೆ ಕೆಲವೇ ದಿನಗಳ ಅಲಕ್ಷ್ಯದಿಂದ ಬೆನ್ನುಹುಣ್ಣಾಗುತ್ತದೆ. ದಶಕಗಳ ಕಾಲ ಮಲಗಿದ ಆ ಮೈಯಲ್ಲಿ ಅಂಥ ಹುಣ್ಣಿಲ್ಲದಿದ್ದುದು ನ್ಯಾಯಾಲಯದ ದಾಖಲೆಯನ್ನೂ ಸೇರಿತು. ಇದು ಆವೇಶದಿಂದ ಆಗುವ ಕೆಲಸವಲ್ಲ. ಆವೇಶವು ಒಂದು ತಿಂಗಳಲ್ಲಿ ಇಳಿಯುತ್ತದೆ. ಪಾಳಿಯ ಪಟ್ಟಿ ಇಳಿಯುವುದಿಲ್ಲ. ಆ ನರ್ಸುಗಳಲ್ಲಿ ಒಬ್ಬಳು ಬಡತನದಿಂದ, ಒಬ್ಬಳು ಆಸಕ್ತಿಯಿಂದ, ಒಬ್ಬಳು ಅಪ್ಪನ ಒತ್ತಾಯದಿಂದ ಈ ವೃತ್ತಿಗೆ ಬಂದಿರಬಹುದು. ಹೊರಳಿಸಿದ ಕೈಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

೫

ಹೇತುವನ್ನು ತಪ್ಪಾಗಿ ಅಳೆಯುವುದು ಬರಿಯ ಮಾತಿನ ದೋಷವಾಗಿದ್ದರೆ ಇಷ್ಟು ವಿಚಾರ ಬೇಕಾಗಿರಲಿಲ್ಲ. ಅದಕ್ಕೆ ಬೆಲೆ ತೆರುವವರಿದ್ದಾರೆ. ೨೦೧೧-೧೨ರಲ್ಲಿ ಮುಂಬಯಿ, ದೆಹಲಿ ಮತ್ತು ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮುಖ್ಯವಾದವು ನ್ಯಾಯವಾದ ಸಂಬಳ, ಮತ್ತು ಬಾಂಡಿನ ಹೆಸರಿನಲ್ಲಿ ಅಡವಿಟ್ಟುಕೊಂಡ ಪ್ರಮಾಣಪತ್ರಗಳ ಬಿಡುಗಡೆ. ಆಗ ಕೇಳಿಬಂದ ಆಕ್ಷೇಪ, ಸೇವೆಯೆನ್ನುವವರು ಸಂಬಳಕ್ಕೆ ಬೀದಿಗಿಳಿಯಬಹುದೇ ಎಂಬುದು. ದೇವತೆಗೆ ಹಸಿವಿಲ್ಲ, ಆದ್ದರಿಂದ ದೇವತೆಯೆಂದು ಕರೆದವಳಿಗೆ ಕೂಲಿ ಕಡಿಮೆ ಮಾಡುವುದು ಸುಲಭ. ೨೦೧೬ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆದೇಶದಂತೆ ರಚಿತವಾದ ತಜ್ಞಸಮಿತಿಯು, ೫೦ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ತಿಂಗಳ ಸಂಬಳ ೨೦,೦೦೦ ರೂಪಾಯಿಗಿಂತ ಕೆಳಗಿರಬಾರದೆಂದು ಶಿಫಾರಸು ಮಾಡಬೇಕಾಯಿತು. ಆ ಮೊತ್ತವನ್ನು ಕನಿಷ್ಠವೆಂದು ಬರೆದಿಡುವ ಅಗತ್ಯ ಬಿದ್ದುದೇ ಸ್ತುತಿಯ ನಿಜವಾದ ಬೆಲೆಯನ್ನು ಹೇಳುತ್ತದೆ.

ಕೊರೋನಾದ ವರ್ಷವು ಇದನ್ನು ಇನ್ನೂ ಬಯಲಿಗೆ ತಂದಿತು. ೨೦೨೦ರ ಮಾರ್ಚ್ ೨೨ರ ಸಂಜೆ ದೇಶವು ವೈದ್ಯರಿಗೂ ನರ್ಸುಗಳಿಗೂ ಚಪ್ಪಾಳೆ ತಟ್ಟಿತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ ೨೨ರಂದು, ಅವರ ಮೇಲೆ ಹಲ್ಲೆ ಮಾಡುವವರನ್ನು, ಬಾಡಿಗೆ ಮನೆಯಿಂದ ಹೊರದೂಡುವವರನ್ನು ತಡೆಯಲು ಸರ್ಕಾರವು ಅಧ್ಯಾದೇಶ ಹೊರಡಿಸಬೇಕಾಯಿತು. ಪೂಜೆಗೂ ಬಹಿಷ್ಕಾರಕ್ಕೂ ನಡುವೆ ಇದ್ದ ಅಂತರ ಮೂವತ್ತೊಂದು ದಿನ.

ಕನ್ನಡದ ವಿಚಾರಪರಂಪರೆಯಲ್ಲಿ ಈ ಗೊಂದಲಕ್ಕೆ ಪರಿಹಾರವು ೧೨ನೆಯ ಶತಮಾನದಲ್ಲಿಯೇ ಇದೆ. ಶರಣರ ಕಾಯಕ ತತ್ತ್ವವು ಹೊಟ್ಟೆಪಾಡಿನ ಕೆಲಸವನ್ನೂ ಪೂಜೆಯನ್ನೂ ಬೇರ್ಪಡಿಸಲಿಲ್ಲ. ಕಾಯಕದಿಂದ ಬಂದ ಕೂಲಿ ಅಲ್ಲಿ ಕಳಂಕವಲ್ಲ. ಅದರಿಂದಲೇ ದಾಸೋಹ ನಡೆಯಬೇಕು. ವೈದ್ಯ ಸಂಗಣ್ಣನ ಹೆಸರಿನಲ್ಲಿಯೇ ಅವನ ಕಾಯಕ ಸೇರಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನು ಪರೀಕ್ಷಿಸಿದ್ದು ಕಾಯಕದ ಶುದ್ಧಿಯನ್ನು. ಅಕ್ಕಿ ಬೇಕೆಂಬ ಆಸೆ ಅಕ್ಕಿ ಆಯುವವನಿಗೆ ಇರುವುದು ತಪ್ಪೆಂದು ಆಕೆ ಹೇಳಲಿಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ೧೫,೦೦೦ಕ್ಕೂ ಮೀರಿ ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪಡೆದರು. ಆ ಗೌರವ ಎಲ್ಲ ರೀತಿಯಲ್ಲೂ ಸಲ್ಲತಕ್ಕದ್ದು. ಆದರೆ ಅವರ ಹಿರಿಮೆಯನ್ನು ಹಣ ಪಡೆಯದ್ದರಲ್ಲಿ ಮಾತ್ರ ಕಂಡು, ಒಳಗಿನ ಕೂಸಿನ ಸ್ಥಿತಿಯನ್ನು ಹೊಟ್ಟೆ ಮುಟ್ಟಿ ತಿಳಿಯುತ್ತಿದ್ದ ಆ ಬೆರಳುಗಳ ವಿದ್ಯೆಯನ್ನು ಮರೆತರೆ, ಹೊಗಳಿದವರೇ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಶುಶ್ರೂಷೆಯನ್ನು ಕುರಿತು ಬರೆಯುವ ಕಥೆಗಾರನಿಗೂ ಚಿತ್ರ ಮಾಡುವವನಿಗೂ ಅವರ ವಿಮರ್ಶಕನಿಗೂ ಇದರಿಂದ ತಿಳಿಯುವ ಮಾತು ಸರಳವಾದುದು. ನರ್ಸು ಏಕೆ ಬಂದಳೆಂಬುದು ಆಕೆ ಹೇಳಿದರೆ ತಿಳಿಯತಕ್ಕದ್ದು. ಹೇಳದಿದ್ದರೆ ಊಹಿಸಬೇಕಾದ ಅಗತ್ಯವಿಲ್ಲ. ಜ್ವರದ ಏರಿಳಿತವನ್ನು ಗಂಟೆಗೊಮ್ಮೆ ಬರೆದಿಡುವ ಕೈ, ತಪ್ಪಾದ ಔಷಧದ ಪ್ರಮಾಣವನ್ನು ಕೊಡುವ ಮೊದಲೇ ಹಿಡಿಯುವ ಕಣ್ಣು, ಮಾತಾಡಲಾರದವನ ಬಾಯಾರಿಕೆಯನ್ನು ತುಟಿಯಲ್ಲಿ ಓದುವ ಅರಿವು ಇವು ಕನ್ನಡ ಸಾಹಿತ್ಯದಲ್ಲಿ ಇನ್ನೂ ವಿವರವಾಗಿ ಚಿತ್ರಿತವಾಗಬೇಕಾದ ವಸ್ತುಗಳು. ಚರಕನು ಮೊದಲನೆಯದಾಗಿ ಹೇಳಿದ ಗುಣವನ್ನು ಮೊದಲು ನೋಡಲು ಕಲಿತ ಓದುಗನಿಗೆ, ಮೂರನೆಯದನ್ನು ಹೊಗಳಬೇಕೋ ಶಂಕಿಸಬೇಕೋ ಎಂಬ ಚಿಂತೆ ಉಳಿಯಲಾರದು.